ಲಕ್ವ ಹೊಡೆದವರಿಗೆ ಮನೆಯಲ್ಲೇ ವ್ಯಾಯಾಮ ಮಾಡಿಸಿದರೆ ಸಾಕಾ, ದಿನಾ ಹಾಸನಕ್ಕೆ ಹೋಗಬೇಕಾ?

ನಿಮ್ಮ ತಂದೆಗೆ ಸ್ಟ್ರೋಕ್ ಆಗಿ ಬಲಗಡೆ ಕೈಕಾಲು ಸ್ವಾಧೀನ ತಪ್ಪಿದೆ, ಮಾತೂ ಸರಿಯಾಗಿ ಬರುತ್ತಿಲ್ಲ, ಈಗಷ್ಟೇ ಡಿಸ್ಚಾರ್ಜ್ ಆಗಿದೆ, ಊರು ಸಕಲೇಶಪುರದಿಂದ ಇನ್ನೂ ಒಳಗೆ ಅಂತ ಬರೆದಿದ್ದೀರಿ. ಫಿಸಿಯೋಥೆರಪಿಗೆ ದಿನಾ ಹಾಸನಕ್ಕೆ ಕರೆದುಕೊಂಡು ಹೋಗಲೇಬೇಕಾ ಅನ್ನೋದು ಪ್ರಶ್ನೆ.

ದಿನಾ ಬೇಕಾಗಿಲ್ಲ. ಪೂರ್ತಿ ಬಿಡುವುದು ಮಾತ್ರ ಬೇಡ. ನಮ್ಮ ಅತ್ತೆಗೂ ಹೀಗೇ ಬಲಗಡೆ ಬಿದ್ದುಹೋಗಿತ್ತು. ನಾವಿರುವುದು ಬೇಲೂರು ಕಡೆ. ಶುರುವಿನಲ್ಲಿ ವಾರಕ್ಕೆ ಎರಡು ಮೂರು ಸಲ ಹಾಸನಕ್ಕೆ ಹೋಗುತ್ತಿದ್ದೆವು, ಮಿಕ್ಕ ದಿನ ಬೆಳಿಗ್ಗೆ ಸಂಜೆ ಮನೆಯಲ್ಲೇ. ಅವರು ಹಿಡಿದುಕೊಂಡು ನಡೆಯುವಂತಾದ ಮೇಲೆ ಹೋಗುವುದು ಕಡಿಮೆಯಾಯಿತು.

ಕ್ಲಿನಿಕ್‌ನಲ್ಲಿ ಸಿಗುವುದು ಅರ್ಧ ಮುಕ್ಕಾಲು ಗಂಟೆ. ಸತ್ತುಹೋದ ಮಿದುಳಿನ ಭಾಗದ ಕೆಲಸವನ್ನು ಉಳಿದ ಭಾಗ ಕಲಿಯಬೇಕು, ಅದು ಕಲಿಯುವುದು ಮಾಡಿದ್ದನ್ನೇ ಮಾಡಿ ಮಾಡಿ. ಯಾವ ಕಾಯಿಲೆಗೆ ಏನು ಚಿಕಿತ್ಸೆ ಅಂತ ಸಲಹೆ ಕೊಡುವ ಬ್ರಿಟನ್ನಿನ ನೈಸ್ ಸಂಸ್ಥೆಯ 2023ರ ಮಾರ್ಗಸೂಚಿ ಎಲ್ಲ ಥೆರಪಿ ಸೇರಿ ದಿನಕ್ಕೆ ಕನಿಷ್ಠ 3 ಗಂಟೆ, ವಾರಕ್ಕೆ 5 ದಿನ ಬೇಕು ಅನ್ನುತ್ತದೆ. ನಮ್ಮ ಕಡೆ ಅಷ್ಟು ಹೊತ್ತು ಯಾರು ಕೊಡುತ್ತಾರೆ ಹೇಳಿ? ಆ ಲೆಕ್ಕ ತುಂಬುವುದು ಮನೆಯಲ್ಲೇ.

ಹಾಗಾದರೆ ಮನೆಯವರಿಗೇ ಕಲಿಸಿ ಮಾಡಿಸಿದರೆ? ನಮ್ಮ ದೇಶದಲ್ಲೇ ಅದನ್ನು ಪರೀಕ್ಷೆ ಮಾಡಿ ನೋಡಿದ್ದಾರೆ. ಅಟೆಂಡ್ ಅನ್ನೋ ಅಧ್ಯಯನ, 14 ಆಸ್ಪತ್ರೆ, 1250 ರೋಗಿಗಳು. ಎಲ್ಲರಿಗೂ ಮಾಮೂಲಿ ಚಿಕಿತ್ಸೆ ಇತ್ತು, ಅದರ ಜೊತೆಗೆ ಅರ್ಧ ಜನರ ಮನೆಯವರಿಗೆ ವ್ಯಾಯಾಮ ಮಾಡಿಸುವ ತರಬೇತಿ ಕೊಟ್ಟರು. 2017ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಫಲಿತಾಂಶ ಬಂತು. ಆರು ತಿಂಗಳಾದ ಮೇಲೆ ಎರಡೂ ಗುಂಪಿನಲ್ಲಿ ಶೇ. 47 ಮಂದಿ ತೀರಿಕೊಂಡಿದ್ದರು ಇಲ್ಲವೇ ಇನ್ನೊಬ್ಬರ ಆಸರೆಯಲ್ಲೇ ಇದ್ದರು. ವ್ಯತ್ಯಾಸವೇ ಇಲ್ಲ. ಮನೆಯ ವ್ಯಾಯಾಮ ದಂಡ ಅಂತ ನಾನು ಹೇಳಲ್ಲ. ಆದರೆ ಎಲ್ಲಿ ಬಿಗಿ ಬರುತ್ತಿದೆ, ಮುಂದೆ ಏನು ಮಾಡಿಸಬೇಕು ಅಂತ ನೋಡುವ ಕಣ್ಣು ನಮಗೆ ಇರಲ್ಲ. ಅದಕ್ಕೇ ಫಿಸಿಯೋ ಬೇಕು. ಹೋಗುವಾಗ ಮನೆಯಲ್ಲಿ ಯಾರು ಮಾಡಿಸುತ್ತಾರೋ ಅವರೇ ಜೊತೆಗೆ ಹೋಗಿ. ಫಿಸಿಯೋ ಮಾಡಿಸುವುದನ್ನು ಸುಮ್ನೆ ನೋಡಿಕೊಂಡು ಕೂರಬೇಡಿ. ಅವರ ಎದುರಲ್ಲೇ ನೀವು ಮಾಡಿಸಿ ತೋರಿಸಿ, ತಪ್ಪಿದ್ದರೆ ತಿದ್ದುತ್ತಾರೆ.

ಎಲ್ಲಕ್ಕಿಂತ ಮೊದಲು ಭುಜ ಕಾಪಾಡಿ. ಆ ಕಡೆಯ ಸ್ನಾಯುಗಳು ಸಡಿಲ ಬಿದ್ದಿರುತ್ತವೆ, ತೋಳಿನ ಭಾರಕ್ಕೇ ಕೀಲು ಕೆಳಗೆ ಜಾರುತ್ತದೆ. ಎಬ್ಬಿಸುವಾಗ ಆ ಕೈ ಹಿಡಿದು ಎಳೆದರೆ, ಕಂಕುಳಿಗೆ ಕೈ ಕೊಟ್ಟು ಎತ್ತಿದರೆ ನೋವು ಶುರುವಾಗುತ್ತದೆ. ನೋವು ಬಂದ ಮೇಲೆ ಕೈ ಮುಟ್ಟಲೂ ಬಿಡುವುದಿಲ್ಲ. ಕುಳಿತಾಗ ಮೊಣಕೈ ಕೆಳಗೆ ದಿಂಬು ಇಡಿ. ಎಬ್ಬಿಸುವುದು ಹೀಗೆ: ಕುರ್ಚಿಯ ಅಂಚಿಗೆ ಬರಲಿ, ಎರಡೂ ಪಾದ ಮಂಡಿಗಿಂತ ಸ್ವಲ್ಪ ಹಿಂದೆ, ಮೂಗು ಪಾದದ ನೇರಕ್ಕೆ ಬರುವಷ್ಟು ಮುಂದೆ ಬಾಗಲಿ, ಆಗ ಏಳಲಿ. ನೀವು ಬಲಗಡೆ ನಿಂತು ಸೊಂಟದ ಹತ್ತಿರ ಹಿಡಿಯಿರಿ. ಕೂರುವಾಗ ಧೊಪ್ಪನೆ ಕೂರದೆ ನಿಧಾನ ಇಳಿಯಬೇಕು. ಇದೊಂದನ್ನೇ ದಿನಾ ಎಷ್ಟು ಸಲ ಮಾಡಿಸಿದರೂ ಲಾಭವೇ.

ನೋಡಲು ಬರುವವರೆಲ್ಲ ಒಂದು ರಬ್ಬರ್ ಚೆಂಡು ತರುತ್ತಾರೆ. ಮುಷ್ಟಿ ಬಿಗಿಯಾಗುತ್ತಿರುವ ಕೈಗೆ ಹಿಚುಕುವುದಕ್ಕಿಂತ ಬೆರಳು ಬಿಚ್ಚುವುದು ಬರಬೇಕು. ನಮ್ಮ ಅತ್ತೆಯ ಕೈಗೆ ನಿಜವಾಗಿ ಕೆಲಸ ಕೊಟ್ಟಿದ್ದು ಅವರೆಕಾಯಿ. ಸೀಸನ್ ಶುರುವಾಗಿತ್ತು. ತೊಡೆ ಮೇಲೆ ಮೊರ, ಬಲಗೈಗೆ ಕಾಯಿ ಹಿಡಿದುಕೊಳ್ಳುವುದಷ್ಟೇ ಕೆಲಸ, ಸುಲಿಯುವುದು ಎಡಗೈ. ಮೊದಮೊದಲು ಕಾಯಿ ಹಿಡಿತದಲ್ಲಿ ನಿಲ್ಲುತ್ತಲೇ ಇರಲಿಲ್ಲ. ಆಮೇಲೆ ಕಾಳನ್ನು ಒಂದೊಂದೇ ಹೆಕ್ಕಿ ಬಟ್ಟಲಿಗೆ ಹಾಕುವುದು. ಕೊನೆಗೆ ನೆನೆಸಿದ ಕಾಳು ಹಿಸುಕುವುದು, ಹೆಬ್ಬೆರಳು ತೋರುಬೆರಳು ಎರಡೂ ಕೂಡಬೇಕಲ್ವಾ. ಅರ್ಧ ಕಾಳು ನೆಲದ ಮೇಲೆ, ಆದರೂ ಸಾರು ಅವರ ಕೈಯದ್ದೇ. ನಿಮ್ಮ ತಂದೆ ತೋಟದವರಾದರೆ ಕಾಫಿ ಬೀಜ ಆರಿಸಲು ಕೊಡಿ. ಕೈ ಮೊದಲೇ ಬಲ್ಲ ಕೆಲಸಕ್ಕೆ ಮನಸ್ಸೂ ಬರುತ್ತದೆ.

ಪಾರಿವಾಳದ ರಕ್ತ ಹಚ್ಚಿ ಅನ್ನುವವರು ಬಂದೇ ಬರುತ್ತಾರೆ. ಕಾಫಿ ಕೊಟ್ಟು ಕಳಿಸಿ. ಬಿಸಿ ಶಾಖ ಮಾತ್ರ ಕೊಡಬೇಡಿ, ಆ ಕಡೆ ಚರ್ಮಕ್ಕೆ ಸುಟ್ಟಿದ್ದೂ ಗೊತ್ತಾಗದೇ ಇರಬಹುದು.

ಮಾತಿನ ವಿಷಯ ಬೇರೆಯೇ. ಬಲಗಡೆ ಹೋಗಿದೆ ಅಂದರೆ ಏಟು ಬಿದ್ದಿರುವುದು ಎಡ ಮಿದುಳಿಗೆ, ಹೆಚ್ಚಿನವರಿಗೆ ಮಾತು ಇರುವುದೂ ಅಲ್ಲೇ. ಸ್ಪೀಚ್ ಥೆರಪಿಗೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ಫೋನಿನಲ್ಲಿ ವಿಡಿಯೋ ಮೂಲಕ ಮಾಡಿಸುತ್ತಾರಾ ಅಂತ ವಿಚಾರಿಸಿ. ಆದರೆ ನೀರು ಕುಡಿದಾಗ ಕೆಮ್ಮು ಬರುತ್ತಿದ್ದರೆ, ಊಟದ ಮೇಲೆ ಗಂಟಲು ಗೊರಗೊರ ಅನ್ನುತ್ತಿದ್ದರೆ ಕಾಯಬೇಡಿ, ಕೂಡಲೇ ಡಾಕ್ಟರಿಗೆ ತೋರಿಸಿ. ಅನ್ನ ನೀರು ಶ್ವಾಸಕೋಶಕ್ಕೆ ಇಳಿದರೆ ನ್ಯುಮೋನಿಯಾ ಆಗುತ್ತದೆ. ಮಲಗಿಸಿಕೊಂಡು ತಿನ್ನಿಸಬೇಡಿ. ನೆಟ್ಟಗೆ ಕೂರಿಸಿ, ಉಂಡ ಮೇಲೂ ಅರ್ಧ ಗಂಟೆ ಹಾಗೇ ಕೂತಿರಲಿ.

ಮೊದಲ ಮೂರು ತಿಂಗಳಲ್ಲಿ ಸುಧಾರಣೆ ಜೋರು, ಆಮೇಲೆ ನಿಧಾನವಾಗುತ್ತದೆ, ಆದರೆ ನಿಲ್ಲುವುದಿಲ್ಲ. ನಡುವೆ ಅವರು ವ್ಯಾಯಾಮ ಬೇಡ ಅಂತ ಗೋಡೆ ಕಡೆ ತಿರುಗಿ ಮಲಗಿದರೆ ಸೋಮಾರಿತನ ಅಂತ ಬೈಯಬೇಡಿ. ಸ್ಟ್ರೋಕ್ ಆದವರಲ್ಲಿ ಸುಮಾರು ಮೂವರಲ್ಲಿ ಒಬ್ಬರಿಗೆ ಖಿನ್ನತೆ ಬರುತ್ತದೆ, ಅದಕ್ಕೆ ಚಿಕಿತ್ಸೆ ಇದೆ.

ಖರ್ಚಿನ ಯೋಚನೆ ಇದ್ದರೆ ಹಾಸನದಲ್ಲಿ ಮೊದಲು ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆ ಹಿಮ್ಸ್‌ನಲ್ಲಿ ವಿಚಾರಿಸಿ. ಬಸ್ಸಿನ ಓಡಾಟಕ್ಕೇ ಅವರು ಸುಸ್ತಾಗಿ ಅವತ್ತು ಏನೂ ಮಾಡಲಾಗದಿದ್ದರೆ, ಸಕಲೇಶಪುರದಲ್ಲೇ ಮನೆಗೆ ಬರುವ ಫಿಸಿಯೋ ಹುಡುಕುವುದು ಲೇಸು. ಹೋಗುವ ದಿನ ಡಿಸ್ಚಾರ್ಜ್ ಸಮ್ಮರಿ, ಸ್ಕ್ಯಾನ್ ರಿಪೋರ್ಟ್, ಬಿಪಿ ಬರೆದಿಟ್ಟ ಚೀಟಿ ಜೊತೆಗಿರಲಿ. ಕಾಲಿಗೆ ಹವಾಯಿ ಚಪ್ಪಲಿ ಬೇಡ, ಹಿಂದೆ ಪಟ್ಟಿ ಇರುವ ಸ್ಯಾಂಡಲ್ ಹಾಕಿಸಿ.