ಚರ್ಮದ ಆಪರೇಷನ್‌ಗೆ ಸರ್ಕಾರಿ ವಿಮೆ: ಸರ್ಜನ್‌ಗಿಂತ ಮೊದಲು ಬಯಾಪ್ಸಿ ಕಾಗದ

ಅಣ್ಣಾ, ನಿಮ್ಮ ಪ್ರಶ್ನೆ ಬೆಳಿಗ್ಗೆಯೇ ಓದಿದೆ. ಎರಡು ಸಾಲಿನಲ್ಲಿ ಮುಗಿಯುವ ವಿಷಯ ಅಲ್ಲ ಅನ್ನಿಸಿತು. ಗಿಡಗಳಿಗೆ ನೀರು ಹಾಕಿ ಬಂದು ಈಗ ನಿಧಾನವಾಗಿ ಬರೆಯುತ್ತಿದ್ದೇನೆ.

ನಿಮ್ಮ ತಂದೆಯವರ ಮೂಗಿನ ಪಕ್ಕ ಐದು ತಿಂಗಳಿಂದ ಒಂದು ಗಾಯ. ಹಕ್ಕಳೆ ಕಟ್ಟುತ್ತದೆ, ಉದುರುತ್ತದೆ, ಮತ್ತೆ ರಕ್ತ ಜಿನುಗುತ್ತದೆ. ನೋಡಿದ ಡಾಕ್ಟರ್ ಚರ್ಮದ ಸರ್ಜನ್‌ಗೆ ತೋರಿಸಿ ಅಂದರು. ನೀವು ನಾಲ್ಕು ಸ್ಕಿನ್ ಕ್ಲಿನಿಕ್‌ಗೆ ಫೋನ್ ಮಾಡಿದಿರಿ, ನಾಲ್ಕೂ ಕಡೆ ಸರ್ಕಾರಿ ವಿಮೆ ನಡೆಯಲ್ಲ ಅಂದರು. ಇಷ್ಟೇ ಅಲ್ವಾ? ಗಿಡದ ಗುಂಪಿನಲ್ಲಿ ಇದನ್ನು ಕೇಳಿದ್ದಕ್ಕೆ ಕ್ಷಮೆ ಬೇರೆ ಕೇಳಿದ್ದೀರಿ. ಬೇಡ ಅಣ್ಣಾ. ಇಲ್ಲಿರುವವರೆಲ್ಲ ಬಿಸಿಲಿನಲ್ಲಿ ಬೆನ್ನು ಬಗ್ಗಿಸುವವರೇ. ಇದು ನಮ್ಮೆಲ್ಲರ ವಿಷಯ.

ನಮ್ಮ ಅಮ್ಮನ ಕೆನ್ನೆಯ ಮೇಲೆ ಇಂಥದ್ದೇ ಆಗಿತ್ತು. ಮೊದಲು ಹೋದ ಕ್ಲಿನಿಕ್‌ನಲ್ಲಿ ನರಹುಲಿ ಇರಬೇಕು ಅಂತ ಸುಟ್ಟು ತೆಗೆದರು. ತೆಗೆದದ್ದನ್ನು ಲ್ಯಾಬಿಗೆ ಕಳಿಸಲಿಲ್ಲ. ಕಳಿಸಬೇಕು ಅಂತ ನಮಗೂ ಗೊತ್ತಿರಲಿಲ್ಲ. ಮೂರು ತಿಂಗಳಿಗೆ ಅದೇ ಜಾಗದಲ್ಲಿ ಮತ್ತೆ ಬಂತು, ಈ ಸಲ ಸ್ವಲ್ಪ ಅಗಲವಾಗಿ. ಆಮೇಲೆ ಸರ್ಜನ್ ಹುಡುಕುವುದಕ್ಕೇ ಎರಡು ತಿಂಗಳು ಅಲೆದೆವು. ನಿಮಗೆ ಹಾಗಾಗಬಾರದು. ಅದಕ್ಕೇ ಹೇಳುತ್ತಿದ್ದೇನೆ, ಸರ್ಜನ್ ಹುಡುಕುವುದನ್ನು ಎರಡು ದಿನ ಪಕ್ಕಕ್ಕಿಡಿ. ಮೊದಲು ಬಯಾಪ್ಸಿ ಮಾಡಿಸಿ, ಅಂದರೆ ಗಾಯದ ಒಂದು ಚೂರು ತೆಗೆದು ಲ್ಯಾಬಿನಲ್ಲಿ ನೋಡುವ ಪರೀಕ್ಷೆ.

ಬಯಾಪ್ಸಿಗೆ ದೊಡ್ಡ ಸರ್ಜನ್ ಬೇಕಿಲ್ಲ. ಸರ್ಕಾರಿ ಆಸ್ಪತ್ರೆಯ ಚರ್ಮದ ವಿಭಾಗದಲ್ಲಿ ಮಾಡುತ್ತಾರೆ, ಜನರಲ್ ಸರ್ಜನ್ ಕೂಡ ಮಾಡುತ್ತಾರೆ. ಆ ಜಾಗಕ್ಕೆ ಮಾತ್ರ ಮರಗಟ್ಟುವ ಇಂಜೆಕ್ಷನ್ ಕೊಟ್ಟು, 3–4 ಮಿ.ಮೀ.ನ ಒಂದು ಚೂರು ತೆಗೆಯುತ್ತಾರೆ. ಒಂದು ಹೊಲಿಗೆ ಬೀಳಬಹುದು, ಬೀಳದೆಯೂ ಇರಬಹುದು. ಚೂರನ್ನು ಫಾರ್ಮಲಿನ್ ಇರುವ ಪುಟ್ಟ ಡಬ್ಬಿಗೆ ಹಾಕುತ್ತಾರೆ. ಆ ಡಬ್ಬಿಯ ಮೇಲೆ ತಂದೆಯವರ ಹೆಸರು, ಯಾವ ಜಾಗದಿಂದ ತೆಗೆದದ್ದು ಅಂತ ಬರೆದದ್ದನ್ನು ನೀವೇ ಕಣ್ಣಾರೆ ನೋಡಿ. ಕೇಳಿದರೆ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ರಿಪೋರ್ಟ್ ಬರುವ ತನಕ ಆ ಗಾಯವನ್ನು ಸುಡಲು, ಲೇಸರ್ ಹೊಡೆಯಲು ಯಾರಿಗೂ ಬಿಡಬೇಡಿ.

ಈ ಬಯಾಪ್ಸಿ ರಿಪೋರ್ಟಿನ ಮೇಲೆ ಇಷ್ಟು ಒತ್ತು ಕೊಡುವುದಕ್ಕೆ ಕಾರಣ ಇದೆ. ವಿಮೆಯವರಿಗೆ ಚರ್ಮದ ಆಪರೇಷನ್ ಅಂದರೆ ಎರಡೇ ಜಾತಿ. ಒಂದು ಅಂದಕ್ಕೆ ಮಾಡಿಸುವುದು, ಇನ್ನೊಂದು ಕಾಯಿಲೆಗೆ ಮಾಡಿಸುವುದು. 'ಮುಖದ ಮೇಲೆ ಒಂದು ಗಂಟು' ಅಂತ ಹೇಳಿದರೆ ನಿಮ್ಮನ್ನು ಅಂದದ ಸಾಲಿಗೆ ಹಾಕಿಬಿಡುತ್ತಾರೆ. ರಿಪೋರ್ಟ್‌ನಲ್ಲಿ 'ಬೇಸಲ್ ಸೆಲ್ ಕಾರ್ಸಿನೋಮ' ಅಂತಲೋ 'ಸ್ಕ್ವೇಮಸ್ ಸೆಲ್ ಕಾರ್ಸಿನೋಮ' ಅಂತಲೋ ಬಂದರೆ ಮಾತೇ ಬದಲಾಗುತ್ತದೆ, ಎರಡೂ ಚರ್ಮದ ಕ್ಯಾನ್ಸರ್‌ಗಳೇ. ಕಾಯಿಲೆಗಳ ಅಂತರರಾಷ್ಟ್ರೀಯ ಪಟ್ಟಿ ಐಸಿಡಿ-10ರಲ್ಲಿ ಇವೆರಡೂ ಸಿ44 ಅನ್ನುವ ಕೋಡ್‌ನಲ್ಲಿ ಬರುತ್ತವೆ. ಮೆಲನೋಮ, ಅಂದರೆ ಇನ್ನೂ ಅಪಾಯದ ಚರ್ಮದ ಕ್ಯಾನ್ಸರ್, ಆದರೆ ಸಿ43. ವಯಸ್ಸಾದಂತೆ ಏಳುವ ಸಾಧಾರಣ ಕಪ್ಪು ಗಂಟು, ಅಂದರೆ ಸೆಬೊರಿಕ್ ಕೆರಟೋಸಿಸ್, ಎಲ್82. ನೋಡಲು ಕೆಲವೊಮ್ಮೆ ಒಂದೇ ಥರ ಇರುತ್ತವೆ, ಆದರೆ ಸಿ44 ಇದ್ದ ಅರ್ಜಿ ಮುಂದೆ ಹೋಗುತ್ತದೆ, ಎಲ್82 ಇದ್ದದ್ದಕ್ಕೆ ನೂರು ಪ್ರಶ್ನೆ ಬರುತ್ತದೆ. ನಿಮ್ಮ ಚೀಟಿಯಲ್ಲಿ ಡಾಕ್ಟರ್ ಯಾವ ಕೋಡ್ ಬರೆದಿದ್ದಾರೆ ಅಂತ ಕೇಳಿ ತಿಳಿದುಕೊಳ್ಳಿ.

ಈಗ ಹುಡುಕುವ ವಿಷಯ. ಸ್ಕಿನ್ ಕ್ಲಿನಿಕ್‌ಗಳು ಬೇಡ ಅಂದದ್ದಕ್ಕೆ ನೀವು ಕೋಪ ಮಾಡಿಕೊಂಡಿದ್ದೀರಿ, ನನಗೂ ಆಗ ಬಂದಿತ್ತು. ಸರ್ಕಾರಿ ಯೋಜನೆ ಕೊಡುವ ದರ ಕಡಿಮೆ, ಕಾಗದಪತ್ರ ಜಾಸ್ತಿ, ಹಣ ಕೈಗೆ ಬರುವುದು ತಡ. ಸಣ್ಣ ಕ್ಲಿನಿಕ್ ಇಟ್ಟುಕೊಂಡವರು ಆ ಗೋಜಿಗೇ ಹೋಗುವುದಿಲ್ಲ. ಹಾಗಾಗಿ ಕ್ಲಿನಿಕ್ ಬಿಟ್ಟು ಆಸ್ಪತ್ರೆ ಹುಡುಕಿ. ಮೆಡಿಕಲ್ ಕಾಲೇಜಿನ ಆಸ್ಪತ್ರೆಯಿಂದ ಶುರು ಮಾಡಿ. ಅಲ್ಲಿ ಚರ್ಮದ ವಿಭಾಗವೂ ಇರುತ್ತದೆ, ಎಷ್ಟೋ ಕಡೆ ಪ್ಲಾಸ್ಟಿಕ್ ಸರ್ಜರಿಯೂ ಇರುತ್ತದೆ, ಲ್ಯಾಬೂ ಒಳಗೇ ಇರುತ್ತದೆ. ಕಲಿಯುತ್ತಿರುವ ಡಾಕ್ಟರ್ ಮಾಡುತ್ತಾರೆ ಅಂತ ಹಿಂಜರಿಯಬೇಡಿ, ಪಕ್ಕದಲ್ಲಿ ಹಿರಿಯರು ನಿಂತಿರುತ್ತಾರೆ.

ಯೋಜನೆಯ ಆಸ್ಪತ್ರೆ ಪಟ್ಟಿ ತೆಗೆದಾಗ ನಾನು 'ಚರ್ಮ ರೋಗ' ಅನ್ನುವ ಹೆಸರಿನಡಿ ಮಾತ್ರ ಹುಡುಕುತ್ತಿದ್ದೆ. ಸಿಗುತ್ತಿರಲಿಲ್ಲ. ಇದೇ ಆಪರೇಷನ್ ಪ್ಲಾಸ್ಟಿಕ್ ಸರ್ಜರಿ, ಕ್ಯಾನ್ಸರ್ ಸರ್ಜರಿ, ಜನರಲ್ ಸರ್ಜರಿ ಹೆಸರಿನಲ್ಲೂ ಇರಬಹುದು. ಮೂಗು, ಕಿವಿಯದ್ದಾದರೆ ಇಎನ್‌ಟಿಯವರೂ ಮಾಡುತ್ತಾರೆ. ರೆಪ್ಪೆಯ ಮೇಲಿದ್ದರೆ ಕಣ್ಣಿನ ಪ್ಲಾಸ್ಟಿಕ್ ಸರ್ಜನ್. ಹೆಸರಿನಲ್ಲಿ 'ಡರ್ಮಟಾಲಜಿ' ಇಲ್ಲ ಅಂತ ಬಿಟ್ಟುಬಿಡಬೇಡಿ.

ಫೋನ್ ಮಾಡಿದಾಗ 'ಕಾರ್ಡ್ ತಗೊಳ್ತೀರಾ' ಅಂತ ಕೇಳಬೇಡಿ. ಹೌದು ಅಂದರೂ ಅರ್ಧ ಉತ್ತರ ಅದು. ಆಸ್ಪತ್ರೆ ಯೋಜನೆಯಲ್ಲಿರುತ್ತದೆ, ನಿಮಗೆ ಬೇಕಾದ ವಿಭಾಗ ಇರುವುದಿಲ್ಲ. ವಿಭಾಗ ಇರುತ್ತದೆ, ಆ ಡಾಕ್ಟರ್ ಹೊಸ ಪೇಷಂಟ್ ತಗೊಳ್ಳುತ್ತಿರುವುದಿಲ್ಲ. ಯೋಜನೆಯ ಪೂರ್ತಿ ಹೆಸರು ಹೇಳಿ, ರಿಪೋರ್ಟ್‌ನಲ್ಲಿರುವ ಕಾಯಿಲೆಯ ಹೆಸರು ಹೇಳಿ, 'ಇದನ್ನು ತೆಗೆಯುವ ಆಪರೇಷನ್ ಈ ಯೋಜನೆಯಲ್ಲಿ ನಿಮ್ಮಲ್ಲಿ ಯಾರು ಮಾಡ್ತಾರೆ, ರೆಫರಲ್ ಚೀಟಿ ಬೇಕಾ, ಮುಂಚೆ ಅಪ್ರೂವಲ್ ಬೇಕಾ' ಅಂತ ಕೇಳಿ. ಇನ್ನೊಂದು ಮರೆಯಬೇಡಿ: ಲ್ಯಾಬ್, ಅರಿವಳಿಕೆ, ಆಮೇಲೆ ಚರ್ಮ ಕೂಡಿಸುವುದು, ಹೊಲಿಗೆ ಬಿಚ್ಚುವುದು ಎಲ್ಲ ಅದೇ ಅಪ್ರೂವಲ್‌ನಲ್ಲಿ ಬರುತ್ತದಾ? ಸರ್ಜನ್ ಯೋಜನೆಯೊಳಗೆ ಇದ್ದು ಲ್ಯಾಬ್ ಹೊರಗೆ ಇದ್ದರೆ ಬಿಲ್ ಬೇರೆ ಬರಬಹುದು. ಮಾತಾಡಿದವರ ಹೆಸರು, ದಿನಾಂಕ ಒಂದು ನೋಟ್‌ಬುಕ್‌ನಲ್ಲಿ ಬರೆದಿಡಿ. ಯೋಜನೆಯ ಹೆಲ್ಪ್‌ಲೈನ್‌ಗೂ ಒಂದು ಸಲ ಫೋನ್ ಮಾಡಿ ತಾಳೆ ನೋಡಿ. ಎಷ್ಟೋ ಸಲ ಪಟ್ಟಿ ಹಳೆಯದಾಗಿರುತ್ತದೆ.

ನಮಗೆ ದಾರಿ ಸಿಕ್ಕಿದ್ದು ಹೀಗೆ. ಒಬ್ಬ ಡಾಕ್ಟರ ಕ್ಲಿನಿಕ್‌ನಲ್ಲಿ ಆಗಲ್ಲ ಅಂದುಬಿಟ್ಟರು. ಫೋನ್ ಇಡುವ ಮುಂಚೆ, 'ಅವರು ಬೇರೆ ಎಲ್ಲಾದರೂ ಆಪರೇಷನ್ ಮಾಡ್ತಾರಾ' ಅಂತ ಕೇಳಿದೆ. ವಾರಕ್ಕೆ ಎರಡು ದಿನ ಯೋಜನೆಯಲ್ಲಿರುವ ಆಸ್ಪತ್ರೆಗೆ ಹೋಗುತ್ತಾರಂತೆ. ಅದೇ ಡಾಕ್ಟರ್, ಕಾರ್ಡ್ ಅಲ್ಲಿ ನಡೆಯುತ್ತಿತ್ತು. ನೀವು ಮಾತಾಡಿದ ನಾಲ್ಕೂ ಕಡೆಗೆ ಇನ್ನೊಮ್ಮೆ ಫೋನ್ ಮಾಡಿ ಇದೊಂದನ್ನು ಕೇಳಿ.

ಮೋಹ್ಸ್ ಸರ್ಜರಿಯೇ ಬೇಕಾ ಅಂತಲೂ ಕೇಳಿದ್ದೀರಿ. ಅದು ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಲ್ಲಿ ಫ್ರೆಡರಿಕ್ ಮೋಹ್ಸ್ ಅನ್ನುವ ಡಾಕ್ಟರ್ 1930ರ ದಶಕದಲ್ಲಿ ಶುರು ಮಾಡಿದ ವಿಧಾನ. ಗಡ್ಡೆಯನ್ನು ತೆಳು ಪದರವಾಗಿ ತೆಗೆಯುತ್ತಾರೆ, ಆಗಲೇ ಮೈಕ್ರೋಸ್ಕೋಪ್‌ನಲ್ಲಿ ಅಂಚು ಪೂರ್ತಿ ನೋಡುತ್ತಾರೆ. ಯಾವ ಮೂಲೆಯಲ್ಲಿ ಉಳಿದಿದೆಯೋ ಅಲ್ಲಿ ಮಾತ್ರ ಇನ್ನೊಂದು ಪದರ. ಮೊದಲ ಸಲ ಬಂದ ಬೇಸಲ್ ಸೆಲ್‌ಗೆ 5 ವರ್ಷದ ಲೆಕ್ಕದಲ್ಲಿ ಶೇ. 99ರ ಹತ್ತಿರ ವಾಸಿಯಾಗುತ್ತದೆ. ಮೂಗಿನ ಸುತ್ತ ಚರ್ಮ ಕಡಿಮೆ, ಬೇರು ಉಳಿದರೆ ಮತ್ತೆ ಬರುವ ಜಾಗವೂ ಹೌದು. ಹಾಗಾಗಿ ಸಿಕ್ಕರೆ ಅದೇ ಒಳ್ಳೆಯದು. ಆದರೆ ಮಾಡುವವರು ಕಡಿಮೆ, ಯೋಜನೆಯಲ್ಲಿ ಮಾಡುವವರು ಇನ್ನೂ ಕಡಿಮೆ. ಸಿಗಲಿಲ್ಲ ಅಂತ ತಿಂಗಳುಗಟ್ಟಲೆ ಕಾಯಬೇಡಿ. ಸಣ್ಣದಾಗಿದ್ದು ಅಂಚು ಸ್ಪಷ್ಟ ಇದ್ದರೆ, ಸುತ್ತ 4 ಮಿ.ಮೀ. ಒಳ್ಳೆಯ ಚರ್ಮ ಸೇರಿಸಿ ತೆಗೆದು ಲ್ಯಾಬಿಗೆ ಕಳಿಸುತ್ತಾರೆ. ಮೂಗಿನಂಥ ಜಾಗವಾದರೆ, ಅಂಚು ಕ್ಲಿಯರ್, ಅಂದರೆ ಅಂಚಿನಲ್ಲಿ ಕಾಯಿಲೆ ಉಳಿದಿಲ್ಲ, ಅಂತ ರಿಪೋರ್ಟ್ ಬಂದ ಮೇಲೆ ಗಾಯ ಮುಚ್ಚಬಹುದಾ ಅಂತ ಸರ್ಜನ್‌ನ ಕೇಳಿ. ಇದನ್ನು ಪ್ಲಾಸ್ಟಿಕ್ ಸರ್ಜನ್‌ಗಳು ಮಾಡುತ್ತಾರೆ.

ಅಮ್ಮನಿಗೂ ಮಾಮೂಲಿ ವಿಧಾನವೇ. ಡಾಕ್ಟರ್ ನೇರಳೆ ಪೆನ್ನಿನಲ್ಲಿ ಗಾಯದ ಸುತ್ತ ಒಂದು ಗೆರೆ ಎಳೆದರು, ಅದರ ಹೊರಗೆ ಇನ್ನೊಂದು. ಅಮ್ಮ ಕನ್ನಡಿ ಕೇಳಿ ನೋಡಿಕೊಂಡರು, 'ಇಷ್ಟು ದೊಡ್ಡದಾ' ಅಂದರು. ಒಳಗಿನ ಗೆರೆ ಕಾಯಿಲೆ, ಹೊರಗಿನದು ಎಚ್ಚರಿಕೆಗೆ ಅಂತ ಅವರು ಬಿಡಿಸಿ ಹೇಳಿದರು. ತೆಗೆದ ಚೂರಿನ ಮೇಲ್ತುದಿಗೆ ಒಂದು ದಾರದ ಗಂಟು ಹಾಕಿದರು. ಯಾವ ಕಡೆ ಉಳಿದಿದೆ ಅಂತ ಲ್ಯಾಬಿನವರು ಹೇಳಬೇಕಾದರೆ ತಲೆ ಯಾವುದು, ಬುಡ ಯಾವುದು ಅಂತ ಗೊತ್ತಿರಬೇಕಲ್ಲ. ಆರನೇ ದಿನ ಹೊಲಿಗೆ ಬಿಚ್ಚಿದರು. ಈಗ ಹುಡುಕಿದರೆ ಮಾತ್ರ ಗೆರೆ ಕಾಣುತ್ತದೆ.

ತಂದೆಯವರು ರಕ್ತ ತೆಳುವಾಗುವ ಮಾತ್ರೆ ತಗೊಳ್ಳುತ್ತಾರೆ ಅಂದಿರಿ. ಯಾರದೋ ಮಾತು ಕೇಳಿ ನಿಲ್ಲಿಸಬೇಡಿ. ಬಯಾಪ್ಸಿ ಮಾಡುವವರಿಗೂ ಸರ್ಜನ್‌ಗೂ ಮಾತ್ರೆಯ ಹೆಸರು ತೋರಿಸಿ, ಅವರು ಹೇಳಿದಂತೆ ಮಾಡಿ.

ಅಪ್ರೂವಲ್ ತಿರಸ್ಕಾರವಾದರೆ ಬಾಯಿಮಾತಿಗೆ ವಾಪಸ್ ಬರಬೇಡಿ, ಕಾರಣ ಬರೆದುಕೊಡಿ ಅನ್ನಿ. ಅದನ್ನು ಡಾಕ್ಟರಿಗೆ ತೋರಿಸಿದರೆ, ಎಷ್ಟು ತಿಂಗಳಿಂದ ಇದೆ, ರಕ್ತ ಬರುತ್ತಿದೆ, ಬೆಳೆಯುತ್ತಿದೆ, ಬಯಾಪ್ಸಿಯಲ್ಲಿ ಇಂಥದ್ದು ಬಂದಿದೆ ಅಂತ ಪತ್ರ ಕೊಡುತ್ತಾರೆ. ಅದರ ಜೊತೆ ಮತ್ತೆ ಅರ್ಜಿ ಹಾಕಿ. ಇವತ್ತಿನಿಂದಲೇ ವಾರಕ್ಕೊಂದು ಫೋಟೋ ತೆಗೆಯಿರಿ, ಪಕ್ಕದಲ್ಲಿ ಸ್ಕೇಲ್ ಇಟ್ಟು, ಹಗಲಿನ ಬೆಳಕಿನಲ್ಲಿ. ಬೆಳೆಯುತ್ತಿದೆ ಅನ್ನುವುದಕ್ಕೆ ಅದೇ ಪುರಾವೆ. ಕೊಬ್ಬಿನ ಗಡ್ಡೆ, ಹಳೆಯ ಮಚ್ಚೆ ತೆಗೆಸಬೇಕು ಅಂತ ಕೆಳಗೆ ಇನ್ನಿಬ್ಬರು ಕೇಳಿದ್ದಾರೆ. ನೋವು, ಸೋಂಕು, ರಕ್ತ ಇದ್ದರೆ ಅದನ್ನು ಡಾಕ್ಟರ್ ಚೀಟಿಯಲ್ಲಿ ಬರೆಯಲೇಬೇಕು, ಇಲ್ಲದಿದ್ದರೆ ಅಂದದ ಲೆಕ್ಕಕ್ಕೆ ಹೋಗುತ್ತದೆ.

ಎಷ್ಟು ಕಾಯಬಹುದು ಅನ್ನುವುದೂ ರಿಪೋರ್ಟ್ ಮೇಲೆಯೇ. ಬೇಸಲ್ ಸೆಲ್ ನಿಧಾನ, ಬೇರೆ ಕಡೆ ಹರಡುವುದು ತೀರಾ ಅಪರೂಪ, ಕೆಲವು ವಾರ ಕಾಯಬಹುದು. ಸ್ಕ್ವೇಮಸ್ ಹರಡಬಹುದು, ಸುಟ್ಟ ಹಳೆಯ ಕಲೆಯ ಮೇಲೂ ಏಳುತ್ತದೆ. ಮೆಲನೋಮ ಅಂತ ಬಂದರೆ ಒಂದು ದಿನವೂ ಸುಮ್ನೆ ಕೂರಬೇಡಿ. ನಮ್ಮಂಥ ಗೋಧಿ, ಕಪ್ಪು ಬಣ್ಣದವರಿಗೆ ಅದು ಅಂಗಾಲು, ಅಂಗೈ, ಉಗುರಿನ ಅಡಿಯಲ್ಲಿ ಬರುವುದೇ ಜಾಸ್ತಿ. ಬರಿಗಾಲಿನಲ್ಲಿ ಮಣ್ಣಿನ ಕೆಲಸ ಮಾಡುವವರು ಕಾಲು ತೊಳೆಯುವಾಗ ಒಮ್ಮೆ ಅಡಿ ತಿರುಗಿಸಿ ನೋಡಿಕೊಳ್ಳಿ. ತಾರೀಕು ದೂರ ಕೊಟ್ಟರೆ, ಮಧ್ಯೆ ಯಾರಾದರೂ ಬರದಿದ್ದರೆ ನಮ್ಮನ್ನು ಕರೆಯಿರಿ ಅಂತ ಕೌಂಟರ್‌ನಲ್ಲಿ ನಂಬರ್ ಬರೆಸಿ ಬನ್ನಿ. ಅಮ್ಮನಿಗೆ ಹಾಗೇ ಹನ್ನೆರಡು ದಿನ ಮೊದಲೇ ಸಿಕ್ಕಿತು.

ರಿಪೋರ್ಟ್ ಬಂದ ಕೂಡಲೇ ಅದರಲ್ಲಿರುವ ಕಾಯಿಲೆಯ ಹೆಸರನ್ನು ಇಲ್ಲಿ ಹಾಕಿ ಅಣ್ಣಾ. ಯಾವ ವಿಭಾಗಕ್ಕೆ ಮೊದಲು ಫೋನ್ ಮಾಡಬೇಕು ಅಂತ ಕೂತು ನೋಡೋಣ. ಫೋಟೋ ಹಾಕುವುದಾದರೆ ತಂದೆಯವರ ಹೆಸರು, ಕಾರ್ಡ್ ನಂಬರ್ ಮುಚ್ಚಿ ಹಾಕಿ.