ದೊಡ್ಡಪ್ಪನ ಹೆಸರು ಬರೆಯಲೇ?

ಪ್ರಶ್ನೆ: ನಾನು ಓದಿದ ಪ್ರೌಢಶಾಲೆಯ ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ‘ನನ್ನನ್ನು ರೂಪಿಸಿದವರು’ ಎಂಬ ಲೇಖನ ಕೇಳಿದ್ದಾರೆ. ಚಿಕ್ಕಂದಿನಲ್ಲೇ ಅಪ್ಪ ತೀರಿಹೋದದ್ದರಿಂದ ನನ್ನನ್ನು ಬೆಳೆಸಿದವರು ದೊಡ್ಡಪ್ಪ. ಅಂಗಳದಲ್ಲಿ ಪಕ್ಕಕ್ಕೆ ಕೂರಿಸಿಕೊಂಡು ಅಡಿಕೆ ಆರಿಸುವುದನ್ನು ಕಲಿಸಿದರು. ಅನುಮಾನ ಬಂದ ಅಡಿಕೆಯನ್ನು ಅಡಕತ್ತರಿಯಲ್ಲಿ ಸೀಳಿ ಒಳಗನ್ನು ತೋರಿಸಿ, “ಕೋಕಾವನ್ನು ಚಾಲಿಗೆ ಸೇರಿಸಿದರೆ ಸಿಕ್ಕುವ ಹಣ ನಮ್ಮದಲ್ಲ” ಎನ್ನುತ್ತಿದ್ದರು (ಕೋಕಾ ಎಂದರೆ ಕಳಪೆ ಅಡಿಕೆ, ಚಾಲಿ ಎಂದರೆ ಒಳ್ಳೆಯ ಒಣ ಅಡಿಕೆ). ಈಗ ಸಹಕಾರಿ ಸಂಘವೊಂದರಲ್ಲಿ ಲೆಕ್ಕಪತ್ರ ನೋಡುವ ನನಗೆ ಆ ಮಾತೇ ಆಧಾರ. ಆದರೆ ತೋಟದ ಹಿಸ್ಸೆಯಾಗುವಾಗ ಅವರು ನಮಗೆ ಅನ್ಯಾಯ ಮಾಡಿದರು, ಮಾತು ನಿಂತಿದೆ. ಅವರನ್ನು ಬಿಟ್ಟು ದಿನಕರ ದೇಸಾಯಿಯವರ ಬಗ್ಗೆ ಬರೆದುಬಿಡಲೇ?
— ಹೆಸರು ಬೇಡ, ಶಿರಸಿ ತಾಲ್ಲೂಕು

ಉತ್ತರ: ದಿನಕರ ದೇಸಾಯಿಯವರ ಬಗ್ಗೆ ಧಾರಾಳವಾಗಿ ಬರೆಯಬಹುದು. ರೈತರ ಪರವಾಗಿ ಹೋರಾಡಿ, 1953ರಲ್ಲಿ ಕೆನರಾ ವೆಲ್‌ಫೇರ್ ಟ್ರಸ್ಟ್ ಕಟ್ಟಿ, ಉತ್ತರ ಕನ್ನಡ ಜಿಲ್ಲೆಯ ಬಡ ಮಕ್ಕಳಿಗೆ ಶಾಲೆಯ ಬಾಗಿಲು ತೆರೆದವರು ಅವರು. ಆದರೆ ನಿಮ್ಮ ಪತ್ರದಲ್ಲಿ ಅವರಿಗೆ ಸಿಕ್ಕಿರುವುದು ಕೊನೆಯ ಒಂದು ಸಾಲು; ಉಳಿದದ್ದೆಲ್ಲ ದೊಡ್ಡಪ್ಪನದೇ. ಲೇಖನ ಯಾರ ಮೇಲಿರಬೇಕೆಂಬುದು ನಿಮಗಾಗಲೇ ಗೊತ್ತಿದೆ ಎಂದು ನನಗನ್ನಿಸುತ್ತದೆ.

ನಮ್ಮನ್ನು ರೂಪಿಸಿದವರು ಎಂದ ಕೂಡಲೇ ನಾವು ಉಪದೇಶ ಕೊಟ್ಟವರನ್ನು ಹುಡುಕುತ್ತೇವೆ. ನಿಜದಲ್ಲಿ ಹೆಚ್ಚು ಉಳಿಯುವುದು ಸರಿಯಾದ ವಯಸ್ಸಿನಲ್ಲಿ ನಮಗೊಂದು ಜಾಗವನ್ನೋ ಕೆಲಸವನ್ನೋ ಕೊಟ್ಟವರ ಪ್ರಭಾವ. ರವೀಂದ್ರನಾಥ ಟ್ಯಾಗೋರರು ಇಪ್ಪತ್ತರ ಹರೆಯದಲ್ಲಿ ಕಾರವಾರಕ್ಕೆ ಬಂದದ್ದು ಇಲ್ಲಿ ನ್ಯಾಯಾಧೀಶರಾಗಿದ್ದ ಅಣ್ಣ ಸತ್ಯೇಂದ್ರನಾಥರ ಮನೆಗೆ. ಇಲ್ಲಿದ್ದಾಗ ಬರೆದ ‘ಪ್ರಕೃತಿರ ಪ್ರತಿಶೋಧ’ ನಾಟಕವನ್ನು ಅವರು ಮುಂದೆ ತಮ್ಮ ನಂತರದ ಬರವಣಿಗೆಗೆಲ್ಲ ಪೀಠಿಕೆಯೆಂದು ನೆನೆದರು. ಅಣ್ಣ ಆಗ ಏನು ಬುದ್ಧಿ ಹೇಳಿದರೋ, ಮನೆಯಂತೂ ಕೊಟ್ಟಿದ್ದರು. ಗಿಡಮರ ಬೆಳೆಸಿ ಹೆಸರಾದ ಅಂಕೋಲಾದ ಹೊನ್ನಳ್ಳಿಯ ತುಳಸಿ ಗೌಡರು ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ನರ್ಸರಿಯ ಕೂಲಿಗೆ ಹೋಗುತ್ತಿದ್ದ ತಾಯಿಯ ಜೊತೆ ಹೋಗಿ ಬೀಜ, ಸಸಿಗಳ ಗುಣವನ್ನು ಕೆಲಸದಲ್ಲೇ ಕಲಿತರು.

ನಿಮ್ಮ ದೊಡ್ಡಪ್ಪನೂ ಕೊಟ್ಟದ್ದು ಇಂಥದ್ದೇ. ಇನ್ನು ಹಿಸ್ಸೆಯ ವಿಷಯ. ನಾನು ಕೇಳಿರುವುದು ಒಂದು ಪಕ್ಷದ ಮಾತನ್ನು ಮಾತ್ರ, ಆದ್ದರಿಂದ ತೀರ್ಪು ಕೊಡಲಾರೆ (ಹಿಸ್ಸೆಯಲ್ಲಿ ತನಗೇ ಹೆಚ್ಚು ಬಂತೆಂದು ಒಪ್ಪಿದವರನ್ನು ನಾನಿನ್ನೂ ಕಂಡಿಲ್ಲ). ನೀವು ಹೇಳಿದ್ದೇ ನಿಜವೆಂದಿಟ್ಟುಕೊಂಡರೂ, ಅದನ್ನು ಅನ್ಯಾಯವೆಂದು ಗುರುತಿಸಲು ನೀವು ಬಳಸಿದ ಅಳತೆ ಅವರೇ ಕಲಿಸಿದ್ದು. ಬೇರೆ ಯಾರೋ ಮೋಸ ಮಾಡಿದ್ದರೆ ಕೋಪ ಬಂದು ಹೋಗುತ್ತಿತ್ತು. ಅಡಕತ್ತರಿ ಹಿಡಿದು ಆ ಮಾತು ಹೇಳಿದವರೇ ಹೀಗೆ ಮಾಡಿದರಲ್ಲ ಎಂಬುದು ನಿಮ್ಮನ್ನು ಈಗಲೂ ಕಾಡುತ್ತಿದೆ. ಕಲಿಸಿದವರು ಕಲಿಸಿದಂತೆ ನಡೆಯಲಿಲ್ಲವೆಂದ ಮಾತ್ರಕ್ಕೆ ಕಲಿತದ್ದು ಸುಳ್ಳಾಗುವುದಿಲ್ಲ, ಕಲಿತದ್ದನ್ನು ನೆನೆದ ಮಾತ್ರಕ್ಕೆ ನಿಮ್ಮ ಪಾಲಿನ ಹಕ್ಕನ್ನು ಬಿಟ್ಟುಕೊಟ್ಟಂತೆಯೂ ಆಗುವುದಿಲ್ಲ.

ಆದ್ದರಿಂದ ಅವರ ಮೇಲೆಯೇ ಬರೆಯಿರಿ, ಆದರೆ ‘ದೇವರಂಥ ಮನುಷ್ಯ’ ಎಂದೆಲ್ಲ ಬರೆಯಬೇಡಿ. ಅದು ನಿಮಗೇ ಸುಳ್ಳೆನಿಸುತ್ತದೆ. ಅಂಗಳ, ಸೀಳಿದ ಅಡಿಕೆ, ಅವರು ಆಡಿದ ಮಾತು, ಇಂದಿನ ನಿಮ್ಮ ಲೆಕ್ಕದ ಪುಸ್ತಕ, ಇಷ್ಟು ಸಾಕು. ಹಿಸ್ಸೆಯ ಸುದ್ದಿ ಶಾಲೆಯ ಸಂಚಿಕೆಯಲ್ಲಿ ಬೇಡ; ಊರಿನವರೆಲ್ಲ ಓದುವ ಪುಸ್ತಕದಲ್ಲಿ ಮನೆಯ ವ್ಯಾಜ್ಯ ಬಂದರೆ ಲೇಖನವನ್ನು ಯಾರೂ ಲೇಖನವಾಗಿ ಓದುವುದಿಲ್ಲ. ಅಚ್ಚಾದ ಮೇಲೆ ಒಂದು ಪ್ರತಿಯನ್ನು ದೊಡ್ಡಮ್ಮನ ಕೈಗೆ ತಲುಪಿಸಿ. ಮರುದಿನವೇ ದೊಡ್ಡಪ್ಪ ಫೋನು ಮಾಡುತ್ತಾರೆಂದು ಮಾತ್ರ ಕಾಯಬೇಡಿ.