ಬಾಯಿಬಿಟ್ಟು ಹೇಳದೆಯೂ ಅರ್ಥವಾಗುವುದಕ್ಕೆ ಕನ್ನಡದಲ್ಲಿ ಏನನ್ನುತ್ತಾರೆ?

ಒಂದೇ ಪದ ಎಲ್ಲ ಕಡೆಗೂ ಹೊಂದುವುದಿಲ್ಲ. ಹೇಳದೆ ಉಳಿದದ್ದು ಏನು ಎಂದು ನೋಡಿ ಪದ ಆರಿಸಬೇಕು.

ಮನಸ್ಸಿನೊಳಗಿನ ಬಯಕೆಯಾದರೆ ‘ಇಂಗಿತ’. ನೆಂಟರು ಮತ್ತೆ ಮತ್ತೆ ಗಡಿಯಾರ ನೋಡುತ್ತಿದ್ದರೆ ಹೊರಡುವ ಇಂಗಿತ ತಿಳಿಯುತ್ತದೆ, ಅಲ್ವಾ? ಸುಮ್ಮನಿದ್ದೇ ಒಪ್ಪಿದರೆ ‘ಮೌನ ಸಮ್ಮತಿ’. ಈ ಪದವನ್ನು ಮಾತ್ರ ಜೋಪಾನವಾಗಿ ಬಳಸಿ. ಹೆದರಿ ಸುಮ್ಮನಾದವರ ಮೌನ ಒಪ್ಪಿಗೆಯಲ್ಲ.

ವಾಕ್ಯದಲ್ಲಿ ಬಿಟ್ಟ ಪದವನ್ನು ನಾವೇ ತುಂಬಿಕೊಳ್ಳುವುದು ‘ಅಧ್ಯಾಹಾರ’. ‘ಊಟ ಆಯ್ತಾ?’ ಅಂದರೆ ‘ನಿಮ್ಮದು’ ಅಂತ ಸೇರಿಸಿಕೊಳ್ಳುತ್ತೇವೆ.

ನನಗೆ ಜಾಸ್ತಿ ಇಷ್ಟ ‘ಧ್ವನಿ’. ಇಲ್ಲಿ ಅದು ಬರೀ ಸದ್ದಲ್ಲ, ಮಾತಿನ ಹಿಂದೆ ಹೊಳೆಯುವ ಇನ್ನೊಂದು ಅರ್ಥ. 9ನೇ ಶತಮಾನದಲ್ಲಿ ಕಾಶ್ಮೀರದ ಆನಂದವರ್ಧನ ‘ಧ್ವನ್ಯಾಲೋಕ’ದಲ್ಲಿ ಇದನ್ನೇ ಕಾವ್ಯದ ಆತ್ಮ ಎಂದ. ಅದೇ ಶತಮಾನದ ನಮ್ಮ ‘ಕವಿರಾಜಮಾರ್ಗ’ವೂ ಧ್ವನಿಯನ್ನು ಒಂದು ಅಲಂಕಾರವಾಗಿ ಹೆಸರಿಸುತ್ತದೆ. ಕಾವ್ಯಶಾಸ್ತ್ರದವರ ಹಳೆಯ ಉದಾಹರಣೆ ‘ಸೂರ್ಯ ಮುಳುಗಿದ’. ದನ ಕಾಯುವವರಿಗೆ ಇದು ‘ದನ ಹೊಡೆದುಕೊಂಡು ಮನೆಗೆ ನಡೆಯಿರಿ’ ಎಂದಂತೆ. ಪ್ರಿಯನಿಗಾಗಿ ಕಾದವಳಿಗೆ ‘ಅವನು ಬರುವ ಹೊತ್ತಾಯಿತು’ ಎಂದಂತೆ. ಶಾಸ್ತ್ರದಲ್ಲಿ ಈ ಒಳಅರ್ಥಕ್ಕೆ ‘ವ್ಯಂಗ್ಯಾರ್ಥ’ ಎಂಬ ಹೆಸರೂ ಇದೆ. ಇವತ್ತು ‘ವ್ಯಂಗ್ಯ’ ಅಂದರೆ ಜನ ಕೊಂಕು ಅಂದುಕೊಳ್ಳುತ್ತಾರೆ. ಹಾಗಾಗಿ ದಿನದ ಬರಹದಲ್ಲಿ ‘ಸೂಚ್ಯ’ ಅನ್ನುವುದೇ ಒಳ್ಳೆಯದು.

ಕಾನೂನೂ ಇದನ್ನು ಒಪ್ಪುತ್ತದೆ. 1872ರ ಭಾರತೀಯ ಕರಾರು ಕಾಯ್ದೆಯ 9ನೇ ಕಲಮಿನ ಪ್ರಕಾರ, ಮಾತಿಲ್ಲದೆ ನಡತೆಯಿಂದ ತೋರಿಸಿದ ಒಪ್ಪಿಗೆಯೂ ಸೂಚ್ಯವಾಗಿ ಕೊಟ್ಟ ಮಾತೇ. ಹೋಟೆಲಿನಲ್ಲಿ ದೋಸೆ ತರಿಸಿ ತಿಂದವರು ‘ದುಡ್ಡು ಕೊಡುತ್ತೇನೆ’ ಎಂದು ಬೇರೆ ಹೇಳಬೇಕಿಲ್ಲ.